ಒಂದು ಪುಟದ ರೆಸ್ಯೂಮೆ, ಅಪ್ಪನ ಪ್ರಶ್ನೆಗಳು

ದಸರಾ ಮುಗಿದು ದೀಪಾವಳಿ ಹತ್ತಿರ ಬರುವ ಹೊತ್ತಿಗೆ ನನ್ನ ಫೋನಿಗೆ ಒಂದೇ ಬಗೆಯ ಮೆಸೇಜುಗಳು ಬರತೊಡಗುತ್ತವೆ. “ಅಕ್ಕಾ, ಇಂಟರ್‌ವ್ಯೂ ಕಾಲ್ ಬಂತು. ಅಲಮ್ನೈ ಒಬ್ಬರು ಮಾಡ್ತಾರಂತೆ. ಏನೇನು ಓದಿಕೊಳ್ಳಲಿ?” ಅಲಮ್ನೈ ಅಂದರೆ ಆ ಕಾಲೇಜಿನಲ್ಲಿ ಓದಿ ಮುಗಿಸಿದ ಹಳೆಯ ವಿದ್ಯಾರ್ಥಿಗಳು. ಅಮೆರಿಕದ ಬಿಸಿನೆಸ್ ಸ್ಕೂಲ್‌ಗಳಿಗೆ ಸೆಪ್ಟೆಂಬರ್‌ನಲ್ಲಿ ಮೊದಲ ಸುತ್ತಿನ ಅರ್ಜಿ ಹಾಕಿದವರಿಗೆ ಈ ಕರೆ ಬರುವ ಕಾಲ ಅದು. ಜನವರಿಯ ಎರಡನೇ ಸುತ್ತಿಗೆ ಹಾಕಿದವರಿಗೆ ಸಂಕ್ರಾಂತಿ ಕಳೆದ ಮೇಲೆ ಬರುತ್ತದೆ. ಬರೆಯುವವರಲ್ಲಿ ಹೆಚ್ಚಿನವರು ನನ್ನ ಹಾಗೆಯೇ ಸಣ್ಣ ಊರುಗಳಿಂದ ಬಂದವರು. ಮನೆಯಲ್ಲಿ ಯಾರೂ ಎಂಬಿಎ ಮಾಡಿರುವುದಿಲ್ಲ. ಕೇಳೋಣ ಅಂದರೆ ಪರಿಚಯದವರು ಇರುವುದಿಲ್ಲ.

ನಾನು ಓದಿದ್ದು ಕೆಲಾಗ್‌ನಲ್ಲಿ. ಷಿಕಾಗೋ ಪಕ್ಕದ ಇವಾನ್‌ಸ್ಟನ್ ಊರಿನಲ್ಲಿ, ಮಿಷಿಗನ್ ಸರೋವರದ ದಡದಲ್ಲಿರುವ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯ ಬಿಸಿನೆಸ್ ಸ್ಕೂಲ್ ಅದು. ಶುರುವಾದದ್ದು 1908ರಲ್ಲಿ. ಮಾರ್ಕೆಟಿಂಗ್ ಓದಿದವರಿಗೆಲ್ಲ ಗೊತ್ತಿರುವ ಫಿಲಿಪ್ ಕೋಟ್ಲರ್ ಪಾಠ ಮಾಡಿದ ಶಾಲೆ. ನಮ್ಮ ಹೈದರಾಬಾದಿನ ಐಎಸ್‌ಬಿ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) 2001ರಲ್ಲಿ ಶುರುವಾದಾಗ ಅದರ ಕೈ ಹಿಡಿದ ಶಾಲೆಗಳಲ್ಲಿ ಇದೂ ಒಂದು. ಅರ್ಜಿ ಹಾಕಿದವರನ್ನು ಆದಷ್ಟು ಎದುರಿಗೆ ಕೂರಿಸಿ ಮಾತಾಡಿಸಬೇಕು ಅನ್ನುವುದಕ್ಕೆ ಈ ಶಾಲೆ ಬಹಳ ಕಾಲ ಹೆಸರಾಗಿತ್ತು. ಅಷ್ಟು ಜನರನ್ನು ಕಾಲೇಜಿನವರೇ ಮಾತಾಡಿಸಲು ಆಗುವುದಿಲ್ಲ ಅಲ್ವಾ? ಹಾಗಾಗಿ ಜಗತ್ತಿನ ಊರೂರಲ್ಲಿರುವ ಹಳೆಯ ವಿದ್ಯಾರ್ಥಿಗಳು ಆ ಕೆಲಸ ಮಾಡುತ್ತಾರೆ. ಬೆಂಗಳೂರಿನಲ್ಲಿರುವ ಅಭ್ಯರ್ಥಿಯನ್ನು ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿ ಭೇಟಿಯಾಗುವುದು ಹೀಗೆ. ಈಗಂತೂ ಎಷ್ಟೋ ಇಂಟರ್‌ವ್ಯೂಗಳು ವಿಡಿಯೋದಲ್ಲೇ ಮುಗಿಯುತ್ತವೆ.

ತಯಾರಿಯ ಮಾತಿಗೆ ಮುಂಚೆ ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ನಿಮ್ಮ ಎದುರು ಕೂರುವ ಆ ಮನುಷ್ಯ ನಿಮ್ಮ ಅರ್ಜಿಯನ್ನು ಓದಿರುವುದಿಲ್ಲ. ವಾರಗಟ್ಟಲೆ ಒದ್ದಾಡಿ ಬರೆದ ಪ್ರಬಂಧಗಳು, ನಿಮ್ಮ ಬಾಸ್ ಕೊಟ್ಟ ಶಿಫಾರಸು ಪತ್ರ, ಜಿಮ್ಯಾಟ್ ಪ್ರವೇಶ ಪರೀಕ್ಷೆಯ ಅಂಕ, ಇವು ಯಾವುವೂ ಅವರ ಕೈಯಲ್ಲಿ ಇರುವುದಿಲ್ಲ. ಇರುವುದು ಒಂದು ಪುಟದ ರೆಸ್ಯೂಮೆ ಮಾತ್ರ. ಕೊಲಂಬಿಯಾ, ಸ್ಟ್ಯಾನ್‌ಫರ್ಡ್ ಬಿಸಿನೆಸ್ ಸ್ಕೂಲ್‌ಗಳ ಇಂಟರ್‌ವ್ಯೂಗಳೂ ಹೀಗೆಯೇ. ಹಾರ್ವರ್ಡ್ ಬೇರೆ. ಅಲ್ಲಿ ಅಡ್ಮಿಷನ್ ಬೋರ್ಡಿನವರೇ ಇಡೀ ಅರ್ಜಿ ಓದಿಕೊಂಡು ಬಂದು ಅರ್ಧ ಗಂಟೆ ಕೇಳುತ್ತಾರೆ. ವಾರ್ಟನ್‌ನವರು ಅಭ್ಯರ್ಥಿಗಳನ್ನೇ ಗುಂಪಾಗಿ ಕೂರಿಸಿ ಒಂದು ವಿಷಯ ಚರ್ಚೆ ಮಾಡಿಸುತ್ತಾರೆ. ಫ್ರಾನ್ಸಿನ ಇನ್ಸಿಯಾಡ್‌ನಲ್ಲಿ ಸಾಮಾನ್ಯವಾಗಿ ಇಬ್ಬರು ಹಳೆಯ ವಿದ್ಯಾರ್ಥಿಗಳು ಬೇರೆ ಬೇರೆಯಾಗಿ ಮಾತಾಡಿಸುತ್ತಾರೆ. ನಿಮ್ಮ ಶಾಲೆಯದು ಯಾವ ಕ್ರಮ ಅಂತ ಅವರು ಕಳಿಸಿದ ಮೇಲ್‌ನಲ್ಲೇ ಇರುತ್ತದೆ. ಎರಡು ಸಲ ಓದಿ.

ಇಂಟರ್‌ವ್ಯೂ ಮಾಡುವವರಿಗೆ ಇದು ಸಂಬಳದ ಕೆಲಸ ಅಲ್ಲ. ತಮ್ಮ ಕಂಪನಿ ಕೆಲಸ, ಮನೆ, ಮಕ್ಕಳ ನಡುವೆ ಬಿಡುವು ಮಾಡಿಕೊಂಡು ಬಂದಿರುತ್ತಾರೆ. ಮುಕ್ಕಾಲು ಗಂಟೆಯ ಮಾತು ಮುಗಿದ ಮೇಲೆ ಅವರಿಗೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಮನೆಗೆ ಹೋಗಿ ನಿಮ್ಮ ಬಗ್ಗೆ ಒಂದು ವರದಿ ಬರೆದು ಕಾಲೇಜಿಗೆ ಕಳಿಸಬೇಕು. ಸೀಟು ಕೊಡುವುದು ಬಿಡುವುದು ಅಡ್ಮಿಷನ್ ಕಮಿಟಿಗೆ ಸೇರಿದ್ದು. ಆದರೆ ಆ ವರದಿ ನಿಮ್ಮ ಫೈಲಿಗೆ ಸೇರುತ್ತದೆ.

ನನಗೆ ಇದು ಗೊತ್ತಾದ ದಿನ ತಯಾರಿಯ ದಿಕ್ಕೇ ಬದಲಾಯಿತು. ಒಬ್ಬರು ರಾತ್ರಿ ಊಟ ಮುಗಿಸಿ, ಲ್ಯಾಪ್‌ಟಾಪ್ ತೆರೆದು, ನನ್ನ ಬಗ್ಗೆ ಬರೆಯಲು ಕೂರುತ್ತಾರೆ. ಅವರಿಗೆ ಬರೆಯಲು ನಾನು ಏನು ಕೊಟ್ಟಿರುತ್ತೇನೆ? “ನಾನು ಶ್ರಮಜೀವಿ, ತಂಡದ ಜೊತೆ ಹೊಂದಿಕೊಳ್ಳುತ್ತೇನೆ, ಸವಾಲು ಅಂದರೆ ಇಷ್ಟ” ಅಂದರೆ ಅದರಲ್ಲಿ ಬರೆಯಲು ಏನೂ ಇಲ್ಲ. ಆ ವಾರ ಮಾತಾಡಿಸಿದ ಇನ್ನೊಬ್ಬ ಅಭ್ಯರ್ಥಿಯೂ ಅದನ್ನೇ ಹೇಳಿರುತ್ತಾನೆ. ನಡೆದ ಸಂಗತಿ ಹೇಳಿದರೆ ಬರೆಯಬಹುದು. ಯಾರು ಏನು ಅಂದರು, ನಾನು ಆಗ ಏನು ಮಾಡಿದೆ, ಯಾಕೆ ಹಾಗೆ ಮಾಡಿದೆ, ಅದರಿಂದ ಯಾರಿಗೆ ಏನಾಯಿತು. ಇವು ಕೇಳಿದವರ ನೆನಪಿನಲ್ಲಿ ರಾತ್ರಿಯವರೆಗೂ ಉಳಿಯುತ್ತವೆ.

“ಏನೇನು ಓದಿಕೊಳ್ಳಲಿ” ಅನ್ನುವ ಪ್ರಶ್ನೆ ಎಲ್ಲಿಂದ ಬರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ನಮ್ಮ ಕಡೆ ಇಂಟರ್‌ವ್ಯೂ ಅಂದರೆ ವೈವಾ. ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಪರೀಕ್ಷೆಗೆ ಎಕ್ಸ್‌ಟರ್ನಲ್ ಬರುತ್ತಿದ್ದರು. ಅವರಿಗೆ ಉತ್ತರ ಮೊದಲೇ ಗೊತ್ತಿರುತ್ತಿತ್ತು. ನಮಗೆ ಗೊತ್ತಿದೆಯಾ ಅಂತ ನೋಡುವುದೇ ಅವರ ಕೆಲಸ. ಬ್ಯಾಂಕ್ ಇಂಟರ್‌ವ್ಯೂ, ಸರ್ಕಾರಿ ಹುದ್ದೆಯ ಇಂಟರ್‌ವ್ಯೂ, ಐಐಎಂಗಳ ಪ್ಯಾನಲ್, ಎಲ್ಲದರ ಬಗ್ಗೆ ನಾವು ಕೇಳಿ ಬೆಳೆದ ಕಥೆಗಳೂ ಅವೇ. ಮೇಜಿನ ಆ ಕಡೆ ಮೂವರು, ಈ ಕಡೆ ಒಬ್ಬರು. ಪ್ರಚಲಿತ ವಿದ್ಯಮಾನ, ಡಿಗ್ರಿಯಲ್ಲಿ ಓದಿದ ಸಬ್ಜೆಕ್ಟು, ಗೊತ್ತಿಲ್ಲದಿದ್ದರೆ ಬೆವರು. ಆದ್ದರಿಂದ ಕರೆ ಬಂದ ತಕ್ಷಣ ನಮ್ಮವರು ಪ್ರಶ್ನೆಗಳ ಪಟ್ಟಿ ಹುಡುಕುತ್ತಾರೆ. ಒಂದೊಂದಕ್ಕೂ ಉತ್ತರ ಬರೆಯುತ್ತಾರೆ. ಉರು ಹೊಡೆಯುತ್ತಾರೆ. ಈಗ ಆ ಉತ್ತರಗಳನ್ನು ಚಾಟ್‌ಬಾಟ್‌ನಿಂದ ಬರೆಸಿಕೊಳ್ಳುವವರೂ ಇದ್ದಾರೆ. ಲಕ್ಷಗಟ್ಟಲೆ ಫೀಸು ತೆಗೆದುಕೊಂಡು ಬರೆದುಕೊಡುವ ಕನ್ಸಲ್ಟೆಂಟ್‌ಗಳಂತೂ ಮೊದಲಿನಿಂದ ಇದ್ದಾರೆ.

ಹಳೆಯ ವಿದ್ಯಾರ್ಥಿಯ ಇಂಟರ್‌ವ್ಯೂನಲ್ಲಿ ಇದು ನಿಲ್ಲುವುದಿಲ್ಲ. ಅವರಿಗೆ ಉತ್ತರ ಮೊದಲೇ ಗೊತ್ತಿರುವುದಿಲ್ಲ. ನಿಮ್ಮ ಜೀವನದ ಬಗ್ಗೆ ಕೇಳುತ್ತಿದ್ದಾರೆ, ಅದು ಅವರಿಗೆ ಹೇಗೆ ಗೊತ್ತಿರಬೇಕು? ಗೊತ್ತಿಲ್ಲದ್ದರಿಂದಲೇ ಅವರು ಕೆದಕಿ ಕೆದಕಿ ಕೇಳುತ್ತಾರೆ. ಮೊದಲ ಪ್ರಶ್ನೆಗೆ ಬಾಯಿಪಾಠದ ಉತ್ತರ ಸಾಕು. “ಹೌದಾ? ಆಗ ನಿಮ್ಮ ಸೂಪರ್‌ವೈಸರ್ ಏನಂದರು?” ಅಂತ ಎರಡನೆಯದು ಬಂದ ಕೂಡಲೇ ಬಾಯಿಪಾಠ ಮಾಡಿದವರು ತಡವರಿಸುತ್ತಾರೆ. ಬರೆದುಕೊಂಡ ಕಾಗದದಲ್ಲಿ ಸೂಪರ್‌ವೈಸರ್ ಇರಲೇ ಇಲ್ಲ.

ಈ ತಯಾರಿ ನೆನಪು ಮಾಡಿಕೊಳ್ಳುವ ಕೆಲಸ. ನಾನು ಇಷ್ಟು ದಿನದಲ್ಲಿ ಗಟ್ಟಿಯಾಗಿ ನಂಬಿರುವುದು ಇದನ್ನೇ. ಹೊಸದಾಗಿ ಓದಿ ತಿಳಿಯಬೇಕಾದ್ದು ಸ್ವಲ್ಪ ಇದೆ, ಇಲ್ಲ ಅನ್ನುವುದಿಲ್ಲ. ಹೆಚ್ಚಿನದು ನೀವು ಆಗಲೇ ಬದುಕಿ ಮುಗಿಸಿದ್ದು. ಆದರೆ ಅದು ತಾನಾಗಿ ನಾಲಿಗೆಗೆ ಬರುವುದಿಲ್ಲ. ರೆಸ್ಯೂಮೆ ಬರೆಯುವಾಗ ನಾವು ವರ್ಷಗಳ ಕೆಲಸವನ್ನು ಒಂದೊಂದು ಸಾಲಿಗೆ ಹಿಂಡಿರುತ್ತೇವೆ. ಹಾಗೆ ಹಿಂಡಿದಾಗ ಜನ ಹೊರಟುಹೋಗುತ್ತಾರೆ, ಜಗಳ ಹೊರಟುಹೋಗುತ್ತದೆ, ಅನುಮಾನ ಹೊರಟುಹೋಗುತ್ತದೆ. ಉಳಿಯುವುದು ಒಂದು ಪರ್ಸೆಂಟೇಜು. ಇಂಟರ್‌ವ್ಯೂಗೆ ಬೇಕಾದದ್ದು ಹೊರಟುಹೋದ ಆ ಭಾಗ.

ನನ್ನದೇ ಉದಾಹರಣೆ ಹೇಳುತ್ತೇನೆ. ನಾನು ಆಗ ನೆಲಮಂಗಲದ ಹತ್ತಿರ ಔಷಧಿ ಸರಬರಾಜು ಮಾಡುವ ಒಂದು ವೇರ್‌ಹೌಸ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಮೆಡಿಕಲ್ ಶಾಪ್‌ಗಳ ಆರ್ಡರ್ ಸಂಜೆ ಹೊತ್ತಿಗೆ ಬರುತ್ತಿತ್ತು. ರಾತ್ರಿಯೆಲ್ಲ ಪಿಕ್ಕಿಂಗ್, ಅಂದರೆ ಆರ್ಡರಿನ ಪ್ರಕಾರ ಮಾಲು ತೆಗೆಯುವ ಕೆಲಸ ನಡೆದು, ಬೆಳಗಾಗುವುದರೊಳಗೆ ಗಾಡಿ ಹೊರಡಬೇಕು. ನನ್ನ ರೆಸ್ಯೂಮೆಯಲ್ಲಿ ಅಲ್ಲಿನ ಕೆಲಸದ ಬಗ್ಗೆ ಒಂದು ಸಾಲಿತ್ತು. ಎಕ್ಸ್‌ಪೈರಿ ಆಗಿ ಹಾಳಾಗುವ ಮಾಲಿನ ನಷ್ಟವನ್ನು ಇಷ್ಟು ಪರ್ಸೆಂಟ್ ಇಳಿಸಿದೆ ಅಂತ. ಸಾಲು ಚೆನ್ನಾಗಿತ್ತು. ನಾನು ಅದನ್ನು ಇಂಗ್ಲಿಷಿನಲ್ಲಿ ಎರಡು ನಿಮಿಷಕ್ಕೆ ಹಿಗ್ಗಿಸಿ ಹೇಳುವುದನ್ನೂ ಅಭ್ಯಾಸ ಮಾಡಿದ್ದೆ.

ದಾವಣಗೆರೆಯಲ್ಲಿ ಅಪ್ಪನಿಗೆ ಫೋನ್ ಮಾಡಿದಾಗ ಅದೇ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಅಪ್ಪ ಎಪಿಎಂಸಿ ಯಾರ್ಡಿನ ಒಂದು ದಲ್ಲಾಳಿ ಮಂಡಿಯಲ್ಲಿ ಲೆಕ್ಕ ಬರೆದುಕೊಂಡೇ ನಮ್ಮನ್ನು ಓದಿಸಿದವರು. ಮೆಕ್ಕೆಜೋಳದ ಮೂಟೆ ಎಣಿಸುತ್ತ ಜೀವನ ಕಳೆದವರು. ಅವರಿಗೆ ಇಂಟರ್‌ವ್ಯೂ ಗೊತ್ತಿಲ್ಲ, ಎಂಬಿಎ ಗೊತ್ತಿಲ್ಲ. ಆದರೆ ಮಾಲು ಗೊತ್ತು.

“ಅಲ್ಲವ್ವಾ, ಡೇಟು ಮುಗಿಯೋ ಪೆಟ್ಟಿಗೆ ಹಿಂದಕ್ಕೆ ಯಾಕ್ ಹೋತು? ಹಳೇ ಮಾಲು ಮೊದಲು ಹೊರಗೆ ಹೋಗ್ಬೇಕು ಅಂತ ಯಾರಿಗೆ ಗೊತ್ತಿಲ್ಲ?”

ಗೊತ್ತಿತ್ತು ಅಪ್ಪ, ಎಲ್ಲರಿಗೂ ಗೊತ್ತಿತ್ತು. ಮೊದಲು ಎಕ್ಸ್‌ಪೈರಿ ಆಗುವುದು ಮೊದಲು ಹೊರಗೆ ಹೋಗಬೇಕು ಅನ್ನುವುದು ಗೋಡೆ ಮೇಲೆ ಬರೆದಿತ್ತು. ಹಾಗಾದರೆ ಯಾಕೆ ಹೋಗುತ್ತಿರಲಿಲ್ಲ? ಹುಡುಗರು ಸೋಮಾರಿಗಳಾ? ಅಲ್ಲ, ಪಾಪ. ಒಂದು ಶಿಫ್ಟ್‌ನಲ್ಲಿ ಎಷ್ಟು ಐಟಂ ತೆಗೆದರು ಅನ್ನುವುದರ ಮೇಲೆ ಅವರಿಗೆ ಇನ್ಸೆಂಟಿವ್ ಸಿಗುತ್ತಿತ್ತು. ಹಿಂದಿನ ಪೆಟ್ಟಿಗೆ ತೆಗೆಯಬೇಕಾದರೆ ಮುಂದಿನದನ್ನು ಇಳಿಸಬೇಕು. ಅಷ್ಟು ಹೊತ್ತಿಗೆ ಇನ್ನೊಬ್ಬ ಎರಡು ಐಟಂ ಮುಗಿಸಿರುತ್ತಾನೆ. “ಹಂಗಾರೆ ತಪ್ಪು ಹುಡುಗರದ್ದಲ್ಲ, ದುಡ್ಡು ಕೊಡೋ ಲೆಕ್ಕದ್ದು” ಅಂದರು ಅಪ್ಪ. ಹೌದು. ನಾನು ಅಲ್ಲಿ ಬದಲಾಯಿಸಿದ್ದೂ ಆ ಲೆಕ್ಕವನ್ನೇ. ಸರಿಯಾದ ಡೇಟಿನ ಪೆಟ್ಟಿಗೆ ತೆಗೆದರೆ ಮಾತ್ರ ಅದು ಎಣಿಕೆಗೆ ಬರುತ್ತದೆ ಅಂತ ಮಾಡಿಸಿದ್ದೆ.

“ಮೇಲಿನೋರು ಸುಮ್ನೆ ಒಪ್ಪಿದ್ರಾ?” ಒಪ್ಪಿರಲಿಲ್ಲ. ಸೂಪರ್‌ವೈಸರ್‌ಗೆ ಅವತ್ತಿನ ಗಾಡಿ ಹೊತ್ತಿಗೆ ಸರಿಯಾಗಿ ಹೊರಡುವುದು ಮುಖ್ಯ. ಆರು ತಿಂಗಳ ನಂತರ ಹಾಳಾಗುವ ಮಾಲಿನ ನಷ್ಟ ಅವರ ತಲೆ ಮೇಲೆ ಬರುವುದಿಲ್ಲ. ಅದು ಬೇರೆ ಡಿಪಾರ್ಟ್‌ಮೆಂಟಿನ ಪುಸ್ತಕದಲ್ಲಿ ಬರುತ್ತದೆ. “ಮತ್ತೆ ಹೆಂಗ್ ಒಪ್ಪಿಸಿದಿ?”

ಅಪ್ಪ ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಇಂಗ್ಲಿಷಿನ ಎರಡು ನಿಮಿಷದಲ್ಲಿ ಇದ್ಯಾವುದೂ ಇರಲಿಲ್ಲ. ಅಲ್ಲಿ “ಪ್ರಾಸೆಸ್ ಇಂಪ್ರೂವ್‌ಮೆಂಟ್” ಇತ್ತು, “ಸ್ಟೇಕ್‌ಹೋಲ್ಡರ್ಸ್” ಇದ್ದರು. ಅಪ್ಪನಿಗೆ ಹೇಳುವಾಗ ಆ ಶಬ್ದಗಳ ಹಿಂದೆ ಅಡಗಿಕೊಳ್ಳಲು ಆಗಲಿಲ್ಲ. ನಿಜವಾಗಿ ಏನಾಯಿತು ಅಂತಲೇ ಹೇಳಬೇಕಾಯಿತು. ಫೋನ್ ಇಟ್ಟ ಮೇಲೆ ಅದೆಲ್ಲವನ್ನೂ ಕನ್ನಡದಲ್ಲೇ ಬರೆದಿಟ್ಟೆ. ಇಂಗ್ಲಿಷಿನಲ್ಲಿ ಹೇಳುವ ಅಭ್ಯಾಸ ಶುರು ಮಾಡಿದ್ದು ಆಮೇಲೆ. ಅಷ್ಟು ಹೊತ್ತಿಗೆ ಸಂಗತಿ ಗಟ್ಟಿಯಾಗಿ ಕೈಯಲ್ಲಿತ್ತು. ಇಂಗ್ಲಿಷ್ ವಾಕ್ಯ ಎಲ್ಲಿ ತಪ್ಪಿದರೂ ಸಂಗತಿ ತಪ್ಪುತ್ತಿರಲಿಲ್ಲ.

ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇದನ್ನು ಒತ್ತಿ ಹೇಳಬೇಕು ಅನಿಸುತ್ತದೆ. ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವಳು. ನಮ್ಮ ಭಯ ಯಾವಾಗಲೂ ಇಂಗ್ಲಿಷಿನ ಬಗ್ಗೆ. ಕಾನ್ವೆಂಟಿನಲ್ಲಿ ಓದಿದವರ ಎದುರು ನಮ್ಮ ಮಾತು ನಿಧಾನ, ಉಚ್ಚಾರ ಬೇರೆ. ಆದರೆ ಎದುರಿಗಿರುವವರು ಬರೆದುಕೊಳ್ಳುವುದು ನೀವು ಹೇಳಿದ ಸಂಗತಿಯನ್ನು. ನಿಧಾನವಾಗಿ, ಸಣ್ಣ ಸಣ್ಣ ವಾಕ್ಯಗಳಲ್ಲಿ, ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಕೇಳುವವರಿಗೆ ಬರೆದುಕೊಳ್ಳಲು ಸುಲಭವಾಗುತ್ತದೆ. ಗಡಿಬಿಡಿಯಲ್ಲಿ ದೊಡ್ಡ ಶಬ್ದಗಳನ್ನು ಪೋಣಿಸುವವರಿಗಿಂತ ಇವರೇ ಎಷ್ಟೋ ಮೇಲು. ಒಂದು ವಾಕ್ಯ ಮುಗಿಸಿ ಸ್ವಲ್ಪ ನಿಂತು ಯೋಚಿಸಿದರೆ ಯಾರೂ ಅಂಕ ಕಳೆಯುವುದಿಲ್ಲ.

ಅಪ್ಪನ ಇನ್ನೊಂದು ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಕೆಲಾಗ್‌ನಲ್ಲಿ ವರ್ಷಕ್ಕೆ ಟ್ಯೂಷನ್ ಫೀಸೇ 80,000 ಡಾಲರ್ ದಾಟುತ್ತದೆ. ಊಟ, ಬಾಡಿಗೆ, ಇನ್ಷೂರೆನ್ಸ್ ಬೇರೆ. ಎರಡು ವರ್ಷದ ಫೀಸನ್ನು ರೂಪಾಯಿಗೆ ತಿರುಗಿಸಿದರೆ ಕೋಟಿಯ ಮೇಲೆ ಹೋಗುತ್ತದೆ. “ಇಷ್ಟು ದುಡ್ಡು ಸುರಿದು ಅಲ್ಲಿಗೆ ಹೋಗಿ ಏನ್ ಕಲೀತಿ? ಇಲ್ಲೇ ಕೆಲಸ ಮಾಡ್ತಾ ಕಲಿಯಾಕ್ ಆಗಲ್ವಾ?” ಅಂದರು. ಬೈಯ್ಯಲು ಕೇಳಿದ್ದಲ್ಲ, ನಿಜವಾಗಿ ತಿಳಿಯಲು ಕೇಳಿದ್ದು. ಯಾಕೆ ಎಂಬಿಎ, ಯಾಕೆ ಈಗ, ಯಾಕೆ ಇದೇ ಕಾಲೇಜು ಅಂತ ಪ್ರತಿ ಇಂಟರ್‌ವ್ಯೂನಲ್ಲೂ ಕೇಳುವುದು ಇದನ್ನೇ. ಆದರೆ ಅಲ್ಲಿ ಕೇಳುವವರ ದುಡ್ಡು ಹೋಗುವುದಿಲ್ಲ. ಅಪ್ಪನ ಪ್ರಶ್ನೆಗೆ ಸಾಲಕ್ಕೆ ಅಡ ಇಡಬೇಕಾದ ಮನೆಯ ಪತ್ರದ ತೂಕ ಇತ್ತು. ಅವರಿಗೆ “ಲೀಡರ್‌ಶಿಪ್ ಕಲಿಯಲು” ಅಂತ ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ.

ಕೊನೆಗೆ ಅವರಿಗೆ ಕೊಟ್ಟ ಉತ್ತರ ಹೀಗಿತ್ತು. ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು. ನೆಲಮಂಗಲದಲ್ಲಿ ನಾನು ಅದನ್ನು ಕಾಯಬಲ್ಲೆ. ಗಾಡಿ ಅಲ್ಲಿಂದ ಹೊರಟು ಜಗಳೂರಿನ ಒಂದು ಸಣ್ಣ ಮೆಡಿಕಲ್ ಶಾಪಿಗೆ ಮುಟ್ಟುವವರೆಗೆ, ಅಲ್ಲಿ ಕರೆಂಟು ಹೋದಾಗ, ಆ ಸರಪಳಿ ಯಾರ ಕೈಯಲ್ಲಿದೆ? ಯಾರು ಅದಕ್ಕೆ ದುಡ್ಡು ಹಾಕಬೇಕು? ಸಣ್ಣ ಅಂಗಡಿಯವನಿಗೆ ಫ್ರಿಜ್ ಯಾರು ಕೊಡಿಸಬೇಕು, ಯಾವ ಲೆಕ್ಕದಲ್ಲಿ? ಇವನ್ನು ತೀರ್ಮಾನ ಮಾಡುವ ಕೋಣೆಗೆ ನನಗೆ ಪ್ರವೇಶ ಇರಲಿಲ್ಲ. ಇದ್ದಿದ್ದರೂ ಅಲ್ಲಿ ಆಡುವ ಫೈನಾನ್ಸಿನ ಮಾತು ನನಗೆ ಬರುತ್ತಿರಲಿಲ್ಲ. ಅದನ್ನು ಕಲಿಯಲು ಹೋಗುತ್ತೇನೆ. ಆ ಶಾಲೆಯಲ್ಲಿ ಹೆಲ್ತ್‌ಕೇರ್ ಬಗ್ಗೆಯೇ ಓದುವ ದಾರಿ ಇದೆ. ಆಸ್ಪತ್ರೆ, ಔಷಧಿ ಕಂಪನಿ, ಇನ್ಷೂರೆನ್ಸ್ ಕಡೆಯಿಂದ ಬಂದವರು ಒಂದೇ ಟೀಮಿನಲ್ಲಿ ಕೂತು ಕೆಲಸ ಮಾಡುತ್ತಾರೆ. ಟೀಮ್ ಕೆಲಸಕ್ಕೇ ಆ ಕಾಲೇಜು ಹೆಸರುವಾಸಿ. ನನಗೆ ಆ ಜನ ಬೇಕು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಂತ ಹೇಳು ಮತ್ತೆ” ಅಂದರು. ನಾನು ಇಂಟರ್‌ವ್ಯೂನಲ್ಲೂ ಹಾಗಂತಲೇ ಹೇಳಿದೆ.

ನೆನಪು ಮಾಡಿಕೊಳ್ಳುವ ಕೆಲಸದಲ್ಲಿ ಇನ್ನೊಂದು ಹೆಜ್ಜೆ ಇದೆ. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ನಿಮ್ಮ ಜೊತೆ ಆ ಕೆಲಸ ಮಾಡಿದವರಿಗೆ ಫೋನ್ ಮಾಡಿ. ನಾನು ಆ ಸೂಪರ್‌ವೈಸರ್‌ಗೆ ಮಾಡಿದ್ದೆ. ಅಷ್ಟು ಹೊತ್ತಿಗೆ ಅವರು ಬೇರೆ ಕಡೆ ಕೆಲಸಕ್ಕೆ ಸೇರಿದ್ದರು. ನಾನು ಯಾಕೆ ಕೇಳುತ್ತಿದ್ದೇನೆ ಅಂತ ಬಿಡಿಸಿ ಹೇಳಿದೆ. ಅವರು ಖುಷಿಯಿಂದ ಮಾತಾಡಿದರು. “ಮೇಡಂ, ಆ ಸ್ಟಿಕರ್ ಐಡಿಯಾ ಪ್ಯಾಕಿಂಗ್‌ನಲ್ಲಿದ್ದ ಆ ಅಕ್ಕ ಕೊಟ್ಟಿದ್ದು ಅಲ್ವಾ, ನೆನಪಿದೆಯಾ?” ಅಂದರು. ಮೂರು ತಿಂಗಳಿಗೊಂದು ಬಣ್ಣದ ಸ್ಟಿಕರ್. ಕೆಂಪು ಕಂಡರೆ ಮೊದಲು ತೆಗೆ. ಡೇಟು ಓದುವ ಕೆಲಸವೇ ಇಲ್ಲ. ಅಷ್ಟು ಬೇಗ ಎಲ್ಲರೂ ಹೊಸ ಕ್ರಮಕ್ಕೆ ಒಗ್ಗಿಕೊಂಡದ್ದೇ ಅದರಿಂದ. ರೆಸ್ಯೂಮೆಯ ಒಂದು ಸಾಲಿನಲ್ಲಿ ಅವರಿಗೆಲ್ಲ ಜಾಗ ಇರಲಿಲ್ಲ. ಇಂಟರ್‌ವ್ಯೂನಲ್ಲಿ ಇದೆ. ಅಲ್ಲಿ ಅವರನ್ನು ಕರೆತನ್ನಿ. “ಈ ಐಡಿಯಾ ಅವರದ್ದು, ಇನ್ಸೆಂಟಿವ್ ಬದಲಾಯಿಸಿದ್ದು ನಾನು, ಗಾಡಿ ತಡವಾಗದ ಹಾಗೆ ಶಿಫ್ಟ್ ಹೊಂದಿಸಿದ್ದು ಸೂಪರ್‌ವೈಸರ್” ಅಂತ ಬಿಡಿಸಿ ಹೇಳಿದಾಗ ನಿಮ್ಮ ಪಾಲು ಎಷ್ಟು ಅನ್ನುವುದು ಕೇಳುವವರಿಗೆ ಸ್ಪಷ್ಟವಾಗುತ್ತದೆ. ನಮ್ಮಲ್ಲಿ ಎಷ್ಟೋ ಜನ ಸಂಕೋಚದಿಂದ ಎಲ್ಲವನ್ನೂ ಟೀಮಿನ ಲೆಕ್ಕಕ್ಕೆ ಹಾಕಿಬಿಡುತ್ತಾರೆ. ಕೆಲವರು ಎಲ್ಲವನ್ನೂ ತಾವೇ ಮಾಡಿದೆವು ಅನ್ನುತ್ತಾರೆ. ಎರಡರಲ್ಲೂ ಕೇಳುವವರಿಗೆ ಏನೂ ಸಿಗುವುದಿಲ್ಲ.

ಕೋಚಿಂಗ್‌ನವರು ಸ್ಟಾರ್ ಅಂತ ಒಂದು ಸೂತ್ರ ಹೇಳಿಕೊಡುತ್ತಾರೆ. ಸಂದರ್ಭ, ಜವಾಬ್ದಾರಿ, ಮಾಡಿದ ಕೆಲಸ, ಫಲ, ಈ ನಾಲ್ಕರ ಕ್ರಮದಲ್ಲಿ ಹೇಳಿ ಅಂತ. ಕೆಟ್ಟದ್ದೇನಲ್ಲ. ಮಾತು ಹಳಿ ತಪ್ಪದಂತೆ ಕಾಯುತ್ತದೆ. ಆದರೆ ಅದರಲ್ಲಿ ಎಲ್ಲರೂ ಸಂದರ್ಭವನ್ನೇ ಉದ್ದ ಮಾಡುತ್ತಾರೆ. ಕಂಪನಿ ಏನು, ಪ್ರಾಡಕ್ಟ್ ಏನು ಅಂತ ವಿವರಿಸುತ್ತ ಎರಡು ನಿಮಿಷ ಹೋಗಿಬಿಡುತ್ತದೆ. ಸಂದರ್ಭಕ್ಕೆ ಮೂರು ವಾಕ್ಯ ಸಾಕು. ಮಾಡಿದ ಕೆಲಸದ ಮೇಲೆ ನಿಲ್ಲಿ. ಅದರಲ್ಲೂ ನಿಮ್ಮ ಎದುರು ಎರಡು ದಾರಿ ಇದ್ದ ಜಾಗದಲ್ಲಿ ನಿಲ್ಲಿ. ಒಂದನ್ನು ಯಾಕೆ ಬಿಟ್ಟಿರಿ ಅನ್ನುವುದರಲ್ಲಿ ನೀವು ಹೇಗೆ ಯೋಚಿಸುತ್ತೀರಿ ಅನ್ನುವುದು ಕಾಣುತ್ತದೆ.

ಸೋತದ್ದನ್ನು ಹೇಳಿ ಅಂತ ಕೇಳಿದಾಗ ದಯವಿಟ್ಟು “ನಾನು ಜಾಸ್ತಿ ಕೆಲಸ ಮಾಡುತ್ತೇನೆ, ಅದೇ ನನ್ನ ದೋಷ” ಅನ್ನಬೇಡಿ. ಯಾರಿಗಾದರೂ ನಿಜವಾಗಿ ನಷ್ಟವಾದ ಸಂಗತಿ ಹೇಳಿ. ಆಮೇಲೆ ಅಂಥದೇ ಸನ್ನಿವೇಶ ಇನ್ನೊಮ್ಮೆ ಬಂದಾಗ ಬೇರೆ ಏನು ಮಾಡಿದಿರಿ ಅನ್ನುವುದು ನಿಮ್ಮಲ್ಲಿರಲಿ. ಅದು ಇಲ್ಲದಿದ್ದರೆ ಆ ಕಥೆ ಬಿಟ್ಟು ಬೇರೆ ಹುಡುಕಿ.

ಕಥೆಗಳು ಬಹಳ ಬೇಡ. ಒಂದು ಜಗಳ, ಒಂದು ಸೋಲು, ಒಬ್ಬರನ್ನು ಒಪ್ಪಿಸಿದ್ದು, ಅಧಿಕಾರ ಇಲ್ಲದೆಯೂ ಮುಂದೆ ನಿಂತು ಮಾಡಿಸಿದ್ದು, ಕೆಲಸದ ಹೊರಗೆ ಮನಸ್ಸಿಟ್ಟು ಮಾಡಿದ್ದು. ಇಷ್ಟನ್ನು ಆಳವಾಗಿ ನೆನಪು ಮಾಡಿಕೊಂಡರೆ ಯಾವ ಪ್ರಶ್ನೆ ಬಂದರೂ ಇವುಗಳಲ್ಲಿ ಒಂದರ ಬಾಗಿಲು ತೆರೆದುಕೊಳ್ಳುತ್ತದೆ. ರೆಸ್ಯೂಮೆಯ ಪ್ರತಿ ಸಾಲಿನ ಹಿಂದಿನ ಲೆಕ್ಕವೂ ಗೊತ್ತಿರಲಿ. ಇಷ್ಟು ಪರ್ಸೆಂಟ್ ಅಂದರೆ ಯಾವುದರಲ್ಲಿ, ಯಾವಾಗಿನಿಂದ ಯಾವಾಗಿನವರೆಗೆ, ಅಳೆದದ್ದು ಹೇಗೆ? ಕೊನೆಯಲ್ಲಿ ಹವ್ಯಾಸ ಅಂತ ಬರೆದ ಸಾಲಿನಿಂದಲೂ ಪ್ರಶ್ನೆ ಬರುತ್ತದೆ. ಟ್ರೆಕ್ಕಿಂಗ್ ಅಂತ ಬರೆದಿದ್ದರೆ ಕುಮಾರ ಪರ್ವತ ಹತ್ತಿದ ಮಾತು ಬರಬೇಕು.

ಸಣ್ಣ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ಅವರ ಮೇಲ್ ಬಂದ ದಿನವೇ ಉತ್ತರ ಕೊಡಿ, ಅವರಿಗೆ ಅನುಕೂಲವಾದ ಸಮಯಕ್ಕೆ ಹೊಂದಿಕೊಳ್ಳಿ. ಎದುರೆದುರು ಭೇಟಿಯಾದರೆ ರೆಸ್ಯೂಮೆಯ ಎರಡು ಪ್ರತಿ ಇರಲಿ. ಬೆಂಗಳೂರಿನ ಟ್ರಾಫಿಕ್ ಗೊತ್ತಲ್ಲ, ಒಂದು ಗಂಟೆ ಮುಂಚೆ ಹೊರಡಿ. ವಿಡಿಯೋ ಆದರೆ ಇನ್ವರ್ಟರ್ ಇರುವ ಮನೆಯಲ್ಲಿ ಕೂರಿ. ಅವರು ಏನು ಕೆಲಸ ಮಾಡುತ್ತಾರೆ, ಯಾವ ವರ್ಷ ಓದು ಮುಗಿಸಿದರು ಅನ್ನುವಷ್ಟು ತಿಳಿದುಕೊಂಡರೆ ಸಾಕು. ಅವರ ಫೇಸ್‌ಬುಕ್ಕಿನ ಮನೆ ಫೋಟೋಗಳವರೆಗೆ ಹೋಗುವುದು ಬೇಡ. ಮುಗಿದ ದಿನ ಸಂಜೆ ನಾಲ್ಕು ಸಾಲಿನ ಥ್ಯಾಂಕ್ಸ್ ಮೇಲ್ ಬರೆಯಿರಿ.

ಸರ್ ಅನ್ನಬೇಕಾ, ಹೆಸರು ಹಿಡಿದು ಕರೆಯಬೇಕಾ ಅಂತ ಬಹಳ ಜನ ಕೇಳುತ್ತಾರೆ. ಹಿರಿಯರನ್ನು ಹೆಸರು ಹಿಡಿದು ಕರೆಯುವುದು ನಮಗೆ ಕಷ್ಟವೇ. ಮೊದಲ ಮೇಲ್‌ನಲ್ಲಿ ಮಿಸ್ಟರ್ ಅಥವಾ ಮಿಸ್ ಅಂತ ಬರೆಯಿರಿ. ಅವರು ಬರೀ ಹೆಸರು ಹಾಕಿ ಉತ್ತರ ಕೊಟ್ಟರೆ ನೀವೂ ಹಾಗೆ ಬರೆಯಿರಿ. ಮಾತಿನ ನಡುವೆ ಅಪ್ಪಿತಪ್ಪಿ ಸರ್ ಬಂದರೆ ಏನೂ ಆಗುವುದಿಲ್ಲ. ಆದರೆ ವಾಕ್ಯಕ್ಕೊಂದು ಸರ್ ಸೇರಿಸಿ ಕೈ ಕಟ್ಟಿಕೊಂಡು ಕೂತರೆ ಅವರು ಪರೀಕ್ಷಕರಾಗಿಬಿಡುತ್ತಾರೆ, ನೀವು ಪರೀಕ್ಷೆಗೆ ಕೂತವರಾಗುತ್ತೀರಿ. ಅವರು ಬಂದಿರುವುದು ಒಂದು ಅಂದಾಜು ಮಾಡಲು. ಈ ಮನುಷ್ಯ ನನ್ನ ಕ್ಲಾಸಿನಲ್ಲಿ, ನನ್ನ ಸ್ಟಡಿ ಗ್ರೂಪಿನಲ್ಲಿ ಇದ್ದಿದ್ದರೆ ಹೇಗಿರುತ್ತಿತ್ತು ಅಂತ. ಪರೀಕ್ಷೆಗೆ ಕೂತವರನ್ನು ನೋಡಿ ಅದನ್ನು ಊಹಿಸಲು ಆಗುವುದಿಲ್ಲ.

ನನ್ನ ಇಂಟರ್‌ವ್ಯೂ ಒಂದು ಕಾಫಿ ಶಾಪಿನಲ್ಲಿ ನಡೆಯಿತು. ಬಂದವರು ದಿನಬಳಕೆಯ ಸಾಮಾನು ಮಾರುವ ಉದ್ಯಮದಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ನನ್ನ ರೆಸ್ಯೂಮೆಯನ್ನು ಮೇಜಿನ ಮೇಲಿಟ್ಟು, ನಿಮ್ಮ ಬಗ್ಗೆ ಹೇಳಿ ಅಂದರು. ಹೇಳುತ್ತ ಇನ್ಸೆಂಟಿವ್ ವಿಷಯ ಬಂತು. ಅವರು ಅಲ್ಲೇ ನಿಂತುಬಿಟ್ಟರು. ಹೊಸ ಲೆಕ್ಕದಲ್ಲಿ ಯಾರ ಸಂಬಳಕ್ಕಾದರೂ ಕತ್ತರಿ ಬಿತ್ತಾ? ವಯಸ್ಸಾದ ಕೆಲಸಗಾರರಿಗೆ ಏನಾಯಿತು? ಆ ಬಣ್ಣ ಕಣ್ಣಿಗೆ ಗೊತ್ತಾಗದವರು ಯಾರಾದರೂ ಇದ್ದರಾ? ಈ ಕೊನೆಯ ಪ್ರಶ್ನೆ ಅಪ್ಪನೂ ಕೇಳಿರಲಿಲ್ಲ. ಆದರೆ ಆ ಫ್ಲೋರಿನ ಪ್ರತಿ ಮುಖವೂ ಅಷ್ಟು ಹೊತ್ತಿಗೆ ನನ್ನ ನೆನಪಿನಲ್ಲಿ ಎದ್ದು ನಿಂತಿತ್ತು. ಹಾಗಾಗಿ ತೊಂದರೆ ಆಗಲಿಲ್ಲ. ಒಬ್ಬರಿಗೆ ಬಣ್ಣ ಗೊತ್ತಾಗುತ್ತಿರಲಿಲ್ಲ, ಅವರಿಗಾಗಿ ಸ್ಟಿಕರ್ ಮೇಲೆ ದೊಡ್ಡದಾಗಿ ಅಂಕಿ ಬರೆಸಿದ್ದೆವು ಅಂದೆ. ಅವರು ಅದನ್ನು ಬರೆದುಕೊಂಡರು. ನಾನು ತಯಾರಿ ಮಾಡಿಕೊಂಡು ಹೋಗಿದ್ದರಲ್ಲಿ ಅರ್ಧದಷ್ಟು ವಿಷಯಗಳ ಸುದ್ದಿಯೇ ಬರಲಿಲ್ಲ.

ಕೊನೆಗೆ “ನನ್ನನ್ನು ಏನಾದರೂ ಕೇಳಬೇಕಾ” ಅಂದರು. ಈ ಜಾಗವನ್ನು ಹಾಳು ಮಾಡಿಕೊಳ್ಳಬೇಡಿ. ವೆಬ್‌ಸೈಟಿನಲ್ಲಿ ಇರುವುದನ್ನು ಕೇಳಬೇಡಿ. ಎದುರಿಗಿರುವವರು ಅಲ್ಲಿ ಎರಡು ವರ್ಷ ಬದುಕಿದವರು. ಅವರಿಗೆ ಮಾತ್ರ ಗೊತ್ತಿರುವುದನ್ನು ಕೇಳಿ. ನಾನು ಅಲ್ಲಿನ ಟೀಮುಗಳ ಬಗ್ಗೆ ಕೇಳಿದೆ. ಎಲ್ಲರೂ ಮುಂದಾಳುಗಳೇ ಇರುವ ಟೀಮಿನಲ್ಲಿ ಜಗಳ ಬಂದರೆ ಏನಾಗುತ್ತಿತ್ತು ಅಂತ. ಅವರು ಪೆನ್ನು ಕೆಳಗಿಟ್ಟರು. ಸರೋವರದ ಕಡೆಯಿಂದ ಗಾಳಿ ಬೀಸುವ ಚಳಿಗಾಲದ ರಾತ್ರಿಗಳಲ್ಲಿ ತಮ್ಮ ಟೀಮು ಹೇಗೆ ಕೂತು ವಾದ ಮಾಡುತ್ತಿತ್ತು, ಯಾರು ಸಿಟ್ಟಾಗಿ ಎದ್ದು ಹೋದರು, ಅವರನ್ನು ಯಾರು ಹೋಗಿ ಕರೆತಂದರು ಅಂತ ಹೇಳಿದರು. ನಾವು ಅಂದುಕೊಂಡಿದ್ದಕ್ಕಿಂತ ಬಹಳ ಹೊತ್ತು ಕೂತಿದ್ದೆವು. ಆ ಉತ್ತರ ಕೇಳಿದ ಮೇಲೆ ನನಗೆ ಆ ಕಾಲೇಜು ಬೇಕು ಅನ್ನುವುದು ಇನ್ನೂ ಗಟ್ಟಿಯಾಯಿತು. ಸೀಟು ಸಿಕ್ಕಿತು ಅನ್ನುವ ಕರೆ ಡಿಸೆಂಬರ್‌ನಲ್ಲಿ ಬಂತು. ಅಪ್ಪ ಯಾರ್ಡಿನಲ್ಲಿದ್ದರು, ಮಂಡಿಯ ಫೋನಿಗೇ ಮಾಡಿ ಹೇಳಿದೆ.

ಹಾಗಾಗಿ ಈಗ ಯಾರಾದರೂ ಏನು ಓದಿಕೊಳ್ಳಲಿ ಅಂತ ಕೇಳಿದರೆ, ಮೊದಲು ನಿಮ್ಮ ರೆಸ್ಯೂಮೆ ಕಳಿಸಿ ಅನ್ನುತ್ತೇನೆ. ಅದರಲ್ಲಿ ಒಂದು ಸಾಲು ಆರಿಸಿ ಫೋನಿನಲ್ಲಿ ಕೇಳಲು ಶುರು ಮಾಡುತ್ತೇನೆ. ಕನ್ನಡದಲ್ಲೇ. ಯಾಕೆ ಹಾಗಾಯಿತು, ಯಾರು ಬೇಡ ಅಂದರು, ಆಮೇಲೆ? ಮನೆಯಲ್ಲಿ ಹೀಗೆ ಕೇಳುವವರು ಇದ್ದರೆ ನನಗಿಂತ ಅವರೇ ಒಳ್ಳೆಯವರು. ಅಜ್ಜಿ ಆಗಬಹುದು, ಅಂಗಡಿ ನಡೆಸುವ ಮಾವ ಆಗಬಹುದು. ನಿಮ್ಮ ಕೆಲಸದ ಶಬ್ದಗಳು ಗೊತ್ತಿಲ್ಲದವರಾದರೆ ಇನ್ನೂ ಒಳ್ಳೆಯದು. ಅಂಥವರು ಯಾರೂ ಸಿಗದಿದ್ದರೆ ನನಗೆ ಬರೆಯಿರಿ. ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ನಾನು ಬಿಡುವಾಗಿರುತ್ತೇನೆ. ಎರಡನೇ ಸುತ್ತಿನವರು ಫೆಬ್ರವರಿಯವರೆಗೆ ಕಾಯಬೇಡಿ, ಅರ್ಜಿ ಕಳಿಸಿದ ವಾರವೇ ಶುರು ಮಾಡೋಣ.